ಬೈಂದೂರಿಗೆ ಬಸಳೆ ಮಾರಲು ಹೋದದ್ದು

ತಲ್ಲೂರಿನಲ್ಲಿ ಬಸ್ಸು ಹತ್ತಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ನನ್ನ ಜೊತೆಗಿದ್ದದ್ದು ಒದ್ದೆ ಗೋಣಿ ಸುತ್ತಿದ ಎಂಟು ಕಟ್ಟು ಬಸಳೆ. ಹೆಂಗಸರಿಗೆ ಪುಕ್ಕಟೆಯಾದ ಸರ್ಕಾರಿ ಬಸ್ಸಿಗೆ ಕಾದು ಕೂತರೆ ಸೊಪ್ಪು ಬಾಡುತ್ತದೆ ಅಂತ ಖಾಸಗಿ ಬಸ್ಸನ್ನೇ ಹತ್ತಿದ್ದೆ. ಬೈಂದೂರಿಗೆ ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರು. ಕಂಡಕ್ಟರ್ ಟಿಕೆಟು ಹರಿದು ಕೊಟ್ಟು, ಗೋಣಿಯನ್ನು ನೋಡಿ, "ಲಗೇಜಿಗೆ ಬೇರೆ ಆತ್ತ್ ಅಕ್ಕ," ಅಂದ.

"ಇದ್ ಲಗೇಜಲ್ಲ, ಸೊಪ್ಪ್. ಬೇಕಾರೆ ತೊಡಿ ಮೇಲ್ ಇಟ್ಕಂತೆ," ಅಂದೆ. ಇವಳ ಬಾಯಿಗೆ ಹೋಗುವುದು ಬೇಡ ಅನ್ನಿಸಿರಬೇಕು, ಮುಂದೆ ಹೋದ.

ನಮ್ಮದು ನಲವತ್ತು ಸೆಂಟ್ಸ್ ಜಾಗ. ಒಂದಿಷ್ಟು ತೆಂಗು, ಊರಕೋಳಿ, ಬಾವಿಕಟ್ಟೆಯ ಪಕ್ಕದಲ್ಲಿ ದೊಡ್ಡ ಬಸಳೆ ಚಪ್ಪರ. ಮುಂಬೈಯ ಕ್ಯಾಂಟೀನಿನಲ್ಲಿ ಅರ್ಧ ಆಯುಷ್ಯ ಕಳೆದ ನನ್ನ ಗಂಡ ಊರಿಗೆ ಬಂದು, ಇದರಲ್ಲೇ ಬದುಕುವ ಅಂದಿದ್ದರು. ತೆಂಗಿನಕಾಯಿಯ ಹಣ ಕೊಯಿಲಿಗೊಮ್ಮೆ ಬರುತ್ತದೆ, ಮೊಟ್ಟೆಯದ್ದು ಕೋಳಿಯ ಮರ್ಜಿ. ದಿನಾ ಕೈಗೆ ಬರುವ ಕಾಸು ಮಾತ್ರ ಇರಲಿಲ್ಲ. ಕ್ಯಾಂಟೀನಿನ ಹಳೇ ಧಣಿ ಮತ್ತೆ ಕರೆದಾಗ ಇವರು ತುಟಿಪಿಟಿಕ್ಕೆನ್ನದೆ ಭಾನುವಾರದ ರೈಲಿಗೆ ಟಿಕೆಟು ಮಾಡಿಸಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಈ ಸಲ ಅವರನ್ನು ರೈಲು ಹತ್ತಿಸಲು ನಾನು ತಯಾರಿರಲಿಲ್ಲ.

ದಿನಾ ಕಾಸು ತರಬಲ್ಲದ್ದು ಬಸಳೆಯೊಂದೇ. ಆದರೆ ನಮ್ಮ ಕಡೆ ಹಿತ್ತಲಿನ ಬಸಳೆಯನ್ನು ನೆಂಟರಿಗೆ ಯಾರೂ ಮಾರುವುದಿಲ್ಲ. ಅವರ ಮನೆಗೆ ಹೋಗುವಾಗ ಒಂದು ಕಟ್ಟು ಹಿಡಿದುಕೊಂಡು ಹೋಗುವುದು ಕ್ರಮ. ಬೈಂದೂರಿನಲ್ಲಿ ಊಟದ ಹೋಟೆಲು ಇಟ್ಟಿರುವ ನನ್ನ ಅಣ್ಣನಿಗೆ ನಾನೂ ವರ್ಷಗಟ್ಟಲೆ ಹಾಗೇ ಕೊಟ್ಟವಳು. ಈಗ ಅವನಿಗೇ ಮಾರಬೇಕಿತ್ತು. ಹೆಮ್ಮಾಡಿ, ತ್ರಾಸಿ ದಾಟಿ, ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ ಬಂದರೂ ನನಗೆ ನೋಡುವ ಪುರುಸೊತ್ತಿರಲಿಲ್ಲ. ಅಣ್ಣನಿಗೆ ಹೇಳುವ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ.

ಹೋಟೆಲಿನ ಮೆಟ್ಟಿಲು ಹತ್ತುವುದರೊಳಗೆ ಪಾಠವೆಲ್ಲ ಮರೆತುಹೋಯಿತು. ಅತ್ತಿಗೆ ಗೋಣಿಯನ್ನು ಇಸಿದುಕೊಂಡು, "ಇಷ್ಟೆಲ್ಲ ಎಂತಕ್ ತಂದದ್ದ್ ಮಾರಾಯ್ತಿ," ಅನ್ನುತ್ತ ಸೀದಾ ಅಡುಗೆಮನೆಗೆ ಒಯ್ದರು. ಕಂಡಕ್ಟರನ ಹತ್ತಿರ ಜೋರು ಮಾಡಿದವಳು ಇಲ್ಲಿ ಹಲ್ಲು ಕಿರಿದುಕೊಂಡು ಕೂತೆ. ನನ್ನ ಮೇಲೆ ನನಗೇ ಕೆಟ್ಟ ಕೋಪ ಬಂತು.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಣಸಿಗಡಿ ಹಾಕಿದ ಬಸಳೆ, ಹುರಿದ ಬಂಗುಡೆ. ಪಕ್ಕದ ಮೇಜಿನವರು ಬಸಳೆಯನ್ನು ಎರಡನೇ ಸಲ ಹಾಕಿಸಿಕೊಂಡರು. ಮತ್ತೂ ಕೇಳಿದಾಗ ಪಾತ್ರೆ ಖಾಲಿಯಾಗಿತ್ತು. ಅದನ್ನು ಕಂಡದ್ದೇ ನನಗೆ ಧೈರ್ಯ ಬಂತು. ಕೈ ತೊಳೆದು ಹೋಗಿ, ಗಲ್ಲಾದಲ್ಲಿ ಕೂತಿದ್ದ ಅಣ್ಣನ ಎದುರು ಊಟದ ದುಡ್ಡು ಇಟ್ಟೆ.

"ಎಂತ ಮಾರಾಯ್ತಿ ಇದ್? ತಂಗಿ ಹತ್ರ ಊಟದ್ ದುಡ್ಡ್ ತಕಂಬುದಾ ನಾನ್?"

"ಇವತ್ತ್ ಒಂದಿನ ಆರೆ ಬ್ಯಾಡ. ದಿನಾ ಉಂಬುಕೆ ಬಂದ್ರೆ?"

"ದಿನಾ ಎಂತಕ್ ಬಪ್ಪುದ್ ನೀನ್?"

"ನಾನಲ್ಲ, ನನ್ ಬಸಳೆ. ದಿನಾ ಫಸ್ಟ್ ಬಸ್ಸಿಗೆ ಹತ್ತ್ ಕಟ್ಟ್. ನೀನ್ ಮಾರುದ್ ಊಟ, ನಾನ್ ಮಾರುದ್ ಸೊಪ್ಪ್. ಅವ್ರಿಗೆ ಭಾನುವಾರ ಟ್ರೈನ್ ಅಣ್ಣ. ದಿನಾ ಒಂಚೂರ್ ಬತ್ತಿದ್ರೆ ಅವ್ರ್ ಹೋಪುದಿಲ್ಲೆ."

ಅಂತೂ ಹೇಳಿ ಮುಗಿಸಿದೆ.

ತಂಗಿಯ ಹಿತ್ತಲಿನ ಸೊಪ್ಪಿಗೆ ಕ್ರಯ ಕಟ್ಟುವುದು ಹೇಗೆ ಅಂತ ಅಣ್ಣ ತಲೆ ತುರಿಸಿಕೊಂಡ. ಅತ್ತಿಗೆಯೇ ಅವನನ್ನು ತರಾಟೆಗೆ ತೆಗೆದುಕೊಂಡರು. "ಘಟ್ಟದ್ ಲಾರಿಯ ಬಾಡಿದ್ ಸೊಪ್ಪಿಗೆ ದುಡ್ಡ್ ಕೊಡುದಿಲ್ಯಾ ನಾವ್? ಬಾಡದ್ದಕ್ಕೆ ಕೊಡುಕೆ ಎಂತ ನಾಚ್ಕೆ?" ಅಂದರು. ಅಣ್ಣ ನಕ್ಕುಬಿಟ್ಟ. ಲಾರಿಯವರಿಗೆ ಕೊಡುವ ಕ್ರಯವೇ ನನಗೂ ಅಂತಾಯಿತು. ಆವತ್ತಿನ ಎಂಟು ಕಟ್ಟಿಗೂ ಹಣ ಎಣಿಸಹೊರಟವನ ಕೈ ಹಿಡಿದೆ. "ಇದ್ ನೆಂಟಸ್ತಿಕಿದ್. ವ್ಯಾಪಾರ ನಾಳಿಂದ," ಅಂದೆ.

ಹತ್ತು ಕಟ್ಟು ಬಸಳೆಯಲ್ಲಿ ಯಾರೂ ಬಂಗಲೆ ಕಟ್ಟುವುದಿಲ್ಲ. ಅಕ್ಕಿ, ಮೀನು, ಕರೆಂಟು ಬಿಲ್ಲು ನಡೆದುಹೋಗುತ್ತದೆ, ತೆಂಗಿನದ್ದೂ ಮೊಟ್ಟೆಯದ್ದೂ ಕೈಯಲ್ಲಿ ಉಳಿಯುತ್ತದೆ. ನಮಗೆ ಬೇಕಾದದ್ದು ಅಷ್ಟೇ. ವಾಪಸು ಬರುವಾಗ ಕಿಟಕಿ ಬದಿ ಕೂತು ಮರವಂತೆಯ ಕಡಲನ್ನು ಕಣ್ತುಂಬ ನೋಡಿದೆ.

ತಲ್ಲೂರಿನ ಸ್ಟಾಪಿಗೆ ಬನ್ನಿ ಅಂತಷ್ಟೇ ಗಂಡನಿಗೆ ಫೋನು ಮಾಡಿದ್ದೆ. ಬಸ್ಸು ನಿಂತಾಗ ಕಿಟಕಿಯಿಂದ, "ಹ್ವಾಯ್, ಹತ್ತಿ ಬೇಗ," ಅಂದೆ. ನಾನು ಇಳಿಯುತ್ತೇನೆ ಅಂತ ಕಾದಿದ್ದವರು ಗಾಬರಿಯಲ್ಲಿ ಹತ್ತಿದರು. ಬ್ರಹ್ಮಾವರಕ್ಕೆ ಎರಡು ಟಿಕೆಟು ತೆಗೆದೆ.

"ಬ್ರಹ್ಮಾವರದಲ್ಲಿ ಎಂತ ಇತ್ತ್?"

"ಮಲ್ಲಿಗೆ ಗಿಡ ತಕಂಡ್ ಬಪ್ಪುಕೆ."

"ಅದ್ ಸಮಾ ಹೂ ಬಿಡುಕೆ ವರ್ಷ ಬೇಕಲೆ."

"ಬೇಕ್. ನೀವ್ ಇಲ್ಲೇ ಇರ್ತ್ರಿ ಅಲ್ದಾ," ಅಂದು ಅಣ್ಣನ ಸಂಗತಿ ಹೇಳಿದೆ. ಸಾಸ್ತಾನದ ಟೋಲ್ ಬರುವವರೆಗೂ ಅವರು ದಿನದ ಹತ್ತು ಕಟ್ಟಿನ ಲೆಕ್ಕವನ್ನು ಬೆರಳಲ್ಲಿ ಎಣಿಸಿದರು. ಆಮೇಲೆ ಕನ್ನಡಕ ಏರಿಸಿ, ಮೊಬೈಲು ತೆಗೆದು, ರೈಲಿನ ಟಿಕೆಟನ್ನು ರದ್ದು ಮಾಡಿದರು.

ಸಂಜೆ ವಾಪಸು ಬರುವಾಗ ಕಾಲಬುಡದಲ್ಲಿ ಇಪ್ಪತ್ತು ಮಲ್ಲಿಗೆ ಗಿಡಗಳಿದ್ದವು. ಬಸ್ಸಿನಲ್ಲಿ ಬೆಳಗಿನ ಕಂಡಕ್ಟರನೇ. "ಇದಾರೂ ಲಗೇಜಾ ಅಕ್ಕ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಇವರು ಜೇಬಿಗೆ ಕೈ ಹಾಕಿದರು.

"ತಕಣಿ," ಅಂದರು. "ನಾಳೆ ಬೆಳಿಗ್ಗೆ ಬೈಂದೂರಿಗೆ ಹತ್ತ್ ಕಟ್ಟ್ ಬಸಳೆ ಇತ್ತ್. ಇನ್ ದಿನಾ ನಾನೇ ತಕಂಡ್ ಬತ್ತೆ."