ಹೊಲಿದ ಜೇಬಿನ ತಾತ

ತಾತನ ಅಂಗಿಗೆ ಜೇಬಿತ್ತು, ಜೇಬಿಗೆ ಬಾಯಿ ಇರಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ, ಕಪ್ಪು ದಾರ ಹಾಕಿ, ಅವರೇ ಹೊಲಿದು ಮುಚ್ಚಿದ್ದರು. ದೂರದಿಂದ ನೋಡಿದರೆ ಎದೆಯ ಮೇಲೆ ಜರಿಹುಳ ಹರಿಯುತ್ತಿರುವಂತೆ ಕಾಣುತ್ತಿತ್ತು.

ಗುಂಡ್ಲುಪೇಟೆಯ ನಮ್ಮ ಶೆಡ್ಡಿನಿಂದ ತರಕಾರಿ ಲಾರಿಯಲ್ಲಿ ಕೇರಳಕ್ಕೆ, ಅಲ್ಲಿಂದ ವಿಮಾನದಲ್ಲಿ ದುಬೈಗೆ ಹೋಗುತ್ತಿತ್ತು. ರಟ್ಟಿನ ಪೆಟ್ಟಿಗೆ ತೂಗಿ ಟೇಪು ಹಾಕಿಸುವುದು, ಶೆಡ್ಡಿನವರೆಲ್ಲ ತಾತ ಎಂದು ಕರೆಯುತ್ತಿದ್ದ ಈ ಹಿರಿಯರ ಕೆಲಸ. ತುಂಬುವುದು ಮತ್ತು ಬೈಸಿಕೊಳ್ಳುವುದು ನನ್ನದು. ಎರಡನೆಯದರಲ್ಲಿ ಜಿಲ್ಲೆಗೇ ನಾನು ಮೊದಲು.

ತಾತ ಮೊದಲು ವಿಮಾನಕ್ಕೆ ಸರಕು ತುಂಬಿಸುತ್ತಿದ್ದವರು; ಬಗ್ಗಿದಾಗ ಸರಕಿನೊಳಗೆ ಏನೂ ಬೀಳಬಾರದೆಂದು ಜೇಬು ಹೊಲಿದುಕೊಂಡದ್ದೂ ಆಗಲೇ. ಊಟಕ್ಕೆ ಕೂತರೂ ವಿಮಾನ ಬಿದ್ದ ಕತೆಯೇ. "ಇಮಾನ ತೊಳ್ದೋನು ಎತ್ರ ಅಳ್ಯೋ ತೂತ್ಗೆ ಅಂಟ್ಸಿದ್ ಟೇಪ್ ಕೀಳದ್ ಮರ್ತ. ಎಷ್ಟ್ ಎತ್ರದಲ್ಲವ್ನಿ ಅಂತ್ಲೇ ತಿಳೀದೆ ಇಮಾನ ಸಮುದ್ರುಕ್ ಬಿತ್ತು ಕಣ್ಲಾ." ನಾನು ಅರ್ಧ ಊಟಕ್ಕೇ ಕೈ ತೊಳೆಯುತ್ತಿದ್ದೆ. ನನಗೆ ಅವರನ್ನು ಕಂಡರಾಗದು, ಅವರಿಗೆ ನನ್ನನ್ನು ಕಂಡರೆ ಇನ್ನೂ ಆಗದು.

ನಾನು ತರಕಾರಿ ಮಂಡಿಯಲ್ಲಿ ಬೆಳೆದವನು. ತೂಕದ ಮೇಲೊಂದಿಷ್ಟು ಕೊಸರು ಹಾಕದಿದ್ದರೆ ಕೈ ತುರಿಸುತ್ತದೆ. ತಾತ ತೂಗಿ ಆಚೆ ತಿರುಗಿದ ಕೂಡಲೇ ಪೆಟ್ಟಿಗೆಗೊಂದು ಹಿಡಿ ಹಸಿಮೆಣಸಿನಕಾಯಿ ತುರುಕುತ್ತಿದ್ದೆ. ಒಂದು ದಿನ ಲಾರಿ ಹೋದ ಮೇಲೆ ಜೇಬು ಮುಟ್ಟಿಕೊಂಡರೆ ಪವರ್ ಬ್ಯಾಂಕ್ ಇಲ್ಲ! ಚಾಮರಾಜನಗರ ಬಸ್ ಸ್ಟ್ಯಾಂಡಿನಲ್ಲಿ ಕೊಂಡದ್ದು, ಆಗಲೇ ಪೂರಿಯಂತೆ ಉಬ್ಬಿತ್ತು. ಬಗ್ಗಿ ಕೊಸರು ತುರುಕುವಾಗ ಬಿದ್ದಿರಬೇಕು. ಹೇಳಿದರೆ ಕೊಸರಿನ ಗುಟ್ಟೂ ರಟ್ಟು. ಎರಡು ಗಂಟೆ ಸುಮ್ಮನಿದ್ದೆ. ಆಮೇಲೆ ತಡೆಯಲಾರದೆ ಪಕ್ಕದವನಿಗೆ ಪಿಸುಗುಟ್ಟಿದೆ: "ಲೋ, ನನ್ ಪವರ್ ಬ್ಯಾಂಕು ಪಾಸ್‌ಪೋರ್ಟಿಲ್ದೆ ದುಬೈಗೆ ಒಂಟೋಯ್ತು ಕಣ್ಲಾ."

ಹಿಂದಿನಿಂದ ನನ್ನ ಕಾಲರಿಗೆ ತಾತನ ಕೈ ಬಿತ್ತು.

"ಬಡ್ಡೈದ್ನೆ! ಅದು ಬೆಂಕಿ ಒತ್ಕಂಡ್ರೆ ಆಕಾಸದಲ್ಲಿ ಲಾರಿ ತರ ಪಕ್ಕುಕ್ ಆಕಿ ಮಣ್ ಎರಚಕ್ಕಾಯ್ತದೇನ್ಲಾ?"

ತಾತ ಡ್ರೈವರಿಗೆ ಫೋನು ಮಾಡಿ, ಅವನ ಬೈಗುಳವನ್ನೆಲ್ಲ ಕೇಳಿಕೊಂಡು ಲಾರಿ ತಿರುಗಿಸಿದರು. ಎಲ್ಲ ಪೆಟ್ಟಿಗೆ ಬಿಚ್ಚಿದೆವು. ನನ್ನ ಮೆಣಸಿನಕಾಯಿ ಸಿಕ್ಕವು, ಪವರ್ ಬ್ಯಾಂಕ್ ಸಿಗಲಿಲ್ಲ. ವಿಮಾನವೂ ತಪ್ಪಿತು.

ಓನರು ಕುದಿಯುತ್ತಾ ಬಂದರು. "ಯಾವನ್ಲಾ ಲಾರಿ ತಿರುಗ್ಸಿದ್ದು?"

"ನಾನೇ. ಅನ್ಮಾನ ಬಂತು, ತಿರುಗಿಸ್ದಿ," ಎಂದರು ತಾತ. ನನ್ನ ಹೆಸರೆತ್ತಲಿಲ್ಲ.

"ನಾಳಿಂದ ಬರ್ಬೇಡ, ಓಗು!"

ನಾನು ಸೂರಿನ ಶೀಟು ಎಣಿಸುತ್ತಾ ನಿಂತಿದ್ದೆ.

ಸಂಜೆ ಮನೆಗೆ ಹೋದರೆ ಕಿಟಕಿಯಲ್ಲಿ ಪವರ್ ಬ್ಯಾಂಕ್, ಅದರ ಬಾಲಕ್ಕೆ ಅಕ್ಕನ ಫೋನು! ಬೆಳಿಗ್ಗೆ ಅವಳೇ ನನ್ನ ಜೇಬಿಂದ ತೆಗೆದಿಟ್ಟಿದ್ದಳಂತೆ.

ಮಾರನೆಯ ದಿನ ಹಂಗಳಕ್ಕೆ, ತಾತನ ಮನೆಗೆ ಹೋಗಿ, ಏಟಿಗೆ ಬೆನ್ನು ಸಿದ್ಧಮಾಡಿಕೊಂಡು ಹೇಳಿದೆ. ತಾತ ಕೈ ಎತ್ತಲಿಲ್ಲ.

"ಪೆಟ್ಗೇಲಿ ಇರ್ನಿಲ್ಲ ಅಂತ ಇವತ್ ಗೊತ್ತಾಯ್ತು. ನೆನ್ನೆ ಗೊತ್ತಿತ್ತೇನ್ಲಾ?"

"ಇಲ್ಲ ತಾತ."

"ಗೊತ್ತಿಲ್ದಿದ್ರೆ ನಿಲ್ಲಿಸ್ಬೇಕು. ನಾ ಮಾಡುದ್ದು ಸರೀನೇಯ. ಆದ್ರ ಎರಡ್ ಗಂಟೆ ಬಾಯ್ ಮುಚ್ಕಂಡಿದ್ಯಲ್ಲ, ಅದ್ಕೇ ನಿನ್ ಮಕ ನೋಡಕಾಗಲ್ಲ. ನಡಿ ಆಚ್ಗೆ."

ಓನರಿಗೆ ನಿಜ ಹೇಳಿ ತಾತನನ್ನು ವಾಪಸು ಕರೆಸಬೇಕು ಎಂದು ಬೈಕಿನಲ್ಲಿ ಹಂಗಳದಿಂದ ಗುಂಡ್ಲುಪೇಟೆಯವರೆಗೂ ಜೋರಾಗಿ ಅಭ್ಯಾಸ ಮಾಡಿದೆ. ಶೆಡ್ಡು ಕಂಡದ್ದೇ ನೇರ ಹೋಗಿ ಪೆಟ್ಟಿಗೆ ತುಂಬಲು ಕೂತೆ. ನಾಳೆ, ನಾಳಿದ್ದು ಎನ್ನುತ್ತಾ ನಾಲ್ಕು ತಿಂಗಳು ಕಳೆದವು. ತಾತ ತೀರಿಕೊಂಡ ಸುದ್ದಿ ಬಂತು.

ಅವತ್ತೇ ಓನರಿಗೆ ಹೇಳಿದೆ. ಅವರು, "ಈಗ ಯಾಕ್ಲಾ ಏಳೀಯೆ?" ಎಂದರು.

ಈಗ ನನ್ನ ಅಂಗಿಯ ಜೇಬಿಗೂ ಹೊಲಿಗೆ ಬಿದ್ದಿದೆ. ಹೊಲಿಯುವಾಗ ದಬ್ಬಳ ಮೂರು ಸಲ ಹೆಬ್ಬೆರಳಿಗೇ ಚುಚ್ಚಿತು. ಬಸ್ಸಿನಲ್ಲಿ ಕಂಡಕ್ಟರ್ ಕೈ ಚಾಚಿದಾಗ ನನ್ನ ಬೆರಳುಗಳು ಇಂದಿಗೂ ಅಲ್ಲಿಗೇ ಹೋಗುತ್ತವೆ. ದಾರ ತಾಕುತ್ತದೆ. ಬೆನ್ನ ಹಿಂದೆ ತಾತ ಬೈಯುತ್ತಾರೆ.