ಕೆನಡಾದ ಹುಡುಗನಿಗೂ ಒಂದು ಎಲೆ

ನಮ್ಮ ಅತ್ತೆಯ ಬಾಯಿಗೆ ಊರಿಗೆ ಊರೇ ಹೆದರುತ್ತಿತ್ತು. ನಾನು ಬಂಗಾರಪೇಟೆಯವಳು, ರೈಲ್ವೆ ಸ್ಟೇಷನ್ ಪಕ್ಕದ ಬೀದಿಯಲ್ಲಿ ಬೆಳೆದು ಹೈಸ್ಕೂಲಿನ ಮೆಟ್ಟಿಲು ಹತ್ತಿದವಳು. ಮದುವೆಯಾಗಿ ಕ್ಯಾಸಂಬಳ್ಳಿ ಕಡೆಯ ಹಳ್ಳಿಗೆ ಬಂದಾಗ ಆ ಜಂಬ ಸ್ವಲ್ಪ ಹೆಚ್ಚಾಗಿಯೇ ಇತ್ತು. ಅತ್ತೆ ಮೊದಲ ವಾರವೇ ಬೆಣ್ಣೆಯ ಗಡಿಗೆಯನ್ನು ನನ್ನ ಕಂಕುಳಿಗೆ ಸೇರಿಸಿ, "ಇಂಗ್ಲೀಸು ಕಲ್ತಿದ್ದೀಯಂತಲ್ಲ, ಬಾರಮ್ಮ, ದೊರೆಸಾನೇರ ತಾವ ನೀನೇ ಮಾತಾಡೀವಂತೆ" ಎಂದು ಬಸ್ಸು ಹತ್ತಿಸಿದರು. ನಂದಿದುರ್ಗದ ಚಿನ್ನದ ಗಣಿಯ ಬಂಗಲೆಗಳಿಗೆ ವಾರಕ್ಕೊಮ್ಮೆ ಬೆಣ್ಣೆ ಕೊಟ್ಟು ಬರುವುದು ಅವರ ಬಹಳ ವರ್ಷಗಳ ವಾಡಿಕೆ. ನನ್ನ ಇಂಗ್ಲಿಷು ಬೆಣ್ಣೆಯ ದರ ಹೇಳುವುದಕ್ಕೆ ಸಾಕಾಗುತ್ತಿತ್ತು, ಅದಕ್ಕಿಂತ ಮುಂದೆ ಹೋದರೆ ಏದುಸಿರು ಬಿಡುತ್ತಿತ್ತು.

ಅತ್ತೆಯ ಹಿರಿಯ ಮಗ, ಎಂದರೆ ನನ್ನ ಭಾವ, ನಾನು ಆ ಮನೆಗೆ ಬರುವ ಎಷ್ಟೋ ವರ್ಷ ಮೊದಲೇ ತೀರಿಹೋಗಿದ್ದರು. ಬ್ರಿಟಿಷರ ಕಾಲದಲ್ಲಿ ಮಿಲಿಟರಿ ಸೇರಿ, ಮಹಾಯುದ್ಧದಲ್ಲಿ ಇಟಲಿಗೆ ಹೋಗಿ, ಅಲ್ಲೇ ಸತ್ತವರು. ಸುದ್ದಿ ಬಂತು, ಹೆಣ ಬರಲಿಲ್ಲ. ಅತ್ತೆಗೆ ಗೊತ್ತಿದ್ದ ಪರದೇಶದ ಹೆಸರು ಅದೊಂದೇ, ಇಟ್ಲಿ.

ನಮ್ಮೂರ ಕೆರೆ ಏರಿಯ ಮೇಲೆ ವೀರಗಲ್ಲುಗಳ ಒಂದು ಸಾಲಿದೆ. ಯಾವುದೋ ಕಾಲದಲ್ಲಿ ದನ ಹೊಡೆದುಕೊಂಡು ಹೋಗಲು ಬಂದ ಕಳ್ಳರ ಎದುರು ನಿಂತು ಸತ್ತವರ ಕಲ್ಲುಗಳು. ಮಾರ್ನಮಿಯಲ್ಲಿ ಊರವರೆಲ್ಲ ಸೇರಿ ಆ ಕಲ್ಲುಗಳಿಗೆ ಹಾಲು ಬಿಟ್ಟು, ಎಲೆ ಹಾಕಿ ಎಡೆ ಇಡುತ್ತಾರೆ. ಆ ಸಾಲಿನ ಕೊನೆಯಲ್ಲಿ ತನ್ನ ಮಗನದೂ ಒಂದು ಕಲ್ಲು ನಿಲ್ಲಬೇಕು ಎಂಬುದು ಅತ್ತೆಗಿದ್ದ ಒಂದೇ ಒಂದು ಆಸೆ. ಪಟೇಲರು ಒಪ್ಪಿರಲಿಲ್ಲ. "ಅವ್ರು ನಮ್ ದನಕ್ಕೆ, ನಮ್ ಕೆರೆಗೆ ಸತ್ತೋರು ಕಣಮ್ಮ. ನಿನ್ ಮಗ ಯಾವ್ದೋ ದೇಸದಾಗೆ ಯಾವನೋ ರಾಜಂಗೆ, ಸಂಬಳಕ್ಕೆ ಸತ್ತೋನು. ಅವ್ನಿಗ್ಯಾಕೆ ಇಲ್ಲಿ ಕಲ್ಲು?" ಎಂದಿದ್ದರಂತೆ. ಸ್ವಾತಂತ್ರ್ಯ ಬಂದ ಮೇಲೆ ಅಂಥ ಮಾತಿಗೆ ಇನ್ನಷ್ಟು ಧೈರ್ಯ ಬಂದಿತ್ತು. ಬಿಳಿಯರ ಕೂಳಿಗೆ ಹೋದವನು ಎಂದು ಬಸ್ಸಿನಲ್ಲಿ ಅತ್ತೆಗೆ ಕೇಳುವಂತೆಯೇ ಆಡಿಕೊಂಡವರಿದ್ದರು. ಬೇರೆ ವಿಷಯಕ್ಕೆ ಊರನ್ನೇ ಎತ್ತಿ ಒಗೆಯುತ್ತಿದ್ದ ಹೆಂಗಸು ಆ ಮಾತಿಗೆ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವು ಬೆಣ್ಣೆ ಕೊಡುತ್ತಿದ್ದ ಒಂದು ಬಂಗಲೆಯ ದೊರೆಸಾನಿ ಇಂಗ್ಲೆಂಡಿನವಳಲ್ಲ, ಕೆನಡಾದವಳು. ಗಣಿಗಳು ಸರ್ಕಾರದ ಕೈಗೆ ಬಂದಿದ್ದರೂ ಅವಳ ಗಂಡ ಇನ್ನೂ ಎಂಜಿನಿಯರಾಗಿ ಉಳಿದಿದ್ದ. ನವೆಂಬರಿನ ಒಂದು ಬೆಳಿಗ್ಗೆ ನಾವು ಹೋದಾಗ ಆ ಬಂಗಲೆಯಲ್ಲಿ ಯಾರೂ ಇರಲಿಲ್ಲ. ಚರ್ಚಿನ ಅಂಗಳದಲ್ಲಿ, ಯುದ್ಧದಲ್ಲಿ ಸತ್ತವರ ಕಲ್ಲಿನ ಮುಂದೆ ಬಿಳಿಯರೆಲ್ಲ ಸೇರಿದ್ದರು. ಎದೆಗೆ ಕೆಂಪು ಕಾಗದದ ಹೂವು, ತಗ್ಗಿಸಿದ ತಲೆ, ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಬೇಲಿಯ ಹೊರಗೆ ನಿಂತಿದ್ದ ದೊರೆಸಾನಿಯ ಬಟ್ಲರನ್ನು ಇದೇನೆಂದು ಅತ್ತೆ ಕೇಳಿದರು. ಅವನು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದ: "ಅಮ್ಮಾವ್ರ ಪಿಳ್ಳೆ ಸಂಡೆಯಾಗೆ, ಯುದ್ಧದಾಗೆ, ಸತ್ತೋಗ್ಬಿಟ್ಟ. ಇಟ್ಲಿಯಾಗೆ."

ಅತ್ತೆ ನನ್ನ ಕೈ ಹಿಡಿದ ಬಿಗಿ ಈಗಲೂ ನೆನಪಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಒಂದೇ ಸಮನೆ ಗೊಣಗಿದರು. ನಮ್ಮಲ್ಲಿ ಹಿರಿಯರಿಗೆ ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿ, ಎಲ್ಲರೂ ಹೊರಗೆ ಸದ್ದಿಲ್ಲದೆ ನಿಲ್ಲುತ್ತೇವೆ. ಸತ್ತವರು ಬಂದು ಉಣ್ಣುವ ಹೊತ್ತು ಅದು, ಸದ್ದಾದರೆ ಎದ್ದು ಹೋಗಿಬಿಡುತ್ತಾರೆ. ಬಿಳಿಯರ ಮೌನವೂ ಅದಕ್ಕೇ ಎಂದು ಅತ್ತೆ ತಿಳಿದುಬಿಟ್ಟಿದ್ದರು. "ನಿಂತ್ಕಳೋದು ಚೆನ್ನಾಗೇ ನಿಂತ್ಕಂಡ್ರು. ಆದ್ರೆ ಎಲೇನೇ ಆಕಿಲ್ವಲ್ಲೇ! ಏನುಣ್ತಾವೆ ಆ ಮಕ್ಳು? ಅಸ್ಕೊಂಡು ಬಂದು ಅಸ್ಕೊಂಡೇ ಓಗ್ತಾವೆ." ಅದು ಊಟದ ಹೊತ್ತಲ್ಲ, ಬರೀ ಮರ್ಯಾದೆ ಎಂದು ನಾನು ಹೇಳಿದೆ. ಹಸಿದವನಿಗೆ ಬರೀ ಮರ್ಯಾದೆ ಯಾಕೆ ಎಂದು ನನ್ನ ಬಾಯಿ ಮುಚ್ಚಿಸಿದರು.

ಮರುವರ್ಷ ಬಿಳಿಯರು ಹಾಗೆ ಸತ್ತವರನ್ನು ನೆನೆಯುವ ದಿನ ಯಾವತ್ತೆಂದು ಅತ್ತೆ ಬಟ್ಲರನ್ನು ಕೇಳಿ ಗೊತ್ತುಮಾಡಿಕೊಂಡರು. ಕೋಳಿ ಕೂಗುವ ಮೊದಲೇ ಎದ್ದು ಮುದ್ದೆ, ಅವರೆಕಾಳಿನ ಸಾರು, ವಡೆ ಮಾಡಿ, ಮಡಿಬಟ್ಟೆಯಲ್ಲಿ ಬುತ್ತಿ ಕಟ್ಟಿದರು. ಬೇಡವೆಂದರೆ ಕೇಳುವವರೇ? ಚರ್ಚಿನ ಅಂಗಳದಲ್ಲಿ ಬಿಳಿಯರು ಒಬ್ಬೊಬ್ಬರಾಗಿ ಸೇರುತ್ತಿದ್ದಂತೆಯೇ ಅತ್ತೆ ನೇರವಾಗಿ ಹೋಗಿ, ಕಲ್ಲಿನ ಬುಡದಲ್ಲಿ ಇಟ್ಟಿದ್ದ ಹೂವಿನ ಚಕ್ರಗಳ ಪಕ್ಕದಲ್ಲಿ ಎರಡು ಮುತ್ತುಗದೆಲೆ ಹಾಸಿ ಬಡಿಸತೊಡಗಿದರು. ಬಟ್ಲರು ಓಡಿ ಬಂದು "ಏಯ್, ಎಡು ಎಡು! ಇಂಗೆ ವೆಕ್ಕಕೂಡಾದು! ಇಲ್ಲಿ ಇಡಂಗಿಲ್ಲ!" ಎಂದು ಎಲೆಗೆ ಕೈ ಹಾಕಿದ. ಭೂಮಿ ಬಾಯಿಬಿಟ್ಟರೆ ಸಾಕು ಎಂದು ನಾನು ನಿಂತಿದ್ದೆ. ಅಷ್ಟರಲ್ಲಿ ಕೆನಡಾದ ದೊರೆಸಾನಿ ಮುಂದೆ ಬಂದು ಅವನನ್ನು ತಡೆದಳು. ಇದೇನೆಂದು ನನ್ನನ್ನು ಕೇಳಿದಳು.

ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: ಒಂದು ಎಲೆ ನಿಮ್ಮ ಮಗನಿಗೆ, ಒಂದು ನನ್ನ ಅತ್ತೆಯ ಮಗನಿಗೆ, ಇಬ್ಬರೂ ಇಟಲಿಯಲ್ಲೇ ಇದ್ದಾರೆ.

ದೊರೆಸಾನಿ ಅತ್ತೆಯ ಪಕ್ಕದಲ್ಲಿ ಬಂದು ನಿಂತಳು. ಎಲ್ಲರೂ ತಲೆ ತಗ್ಗಿಸಿದರು, ಆ ಎಲೆಗಳು ಅಲ್ಲಿಯೇ ಇದ್ದವು. ಪ್ರಾರ್ಥನೆಯೆಲ್ಲ ಮುಗಿದ ಮೇಲೆ ಅತ್ತೆ ನನ್ನನ್ನು ತಿವಿದು, "ಕೇಳೇ, ಅವ್ಳ ಮಗಂಗೆ ಏನಿಷ್ಟ ಇತ್ತು? ಇಷ್ಟವಾದ್ದು ಇಕ್ಕಿಲ್ಲ ಅಂದ್ರೆ ಎಡೆ ಅಲ್ಲ" ಎಂದರು. ಕೇಳಿದೆ. ಅಲ್ಲಿಯತನಕ ಕಂಬದಂತೆ ನಿಂತಿದ್ದ ಹೆಂಗಸು ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಅವನು ಹೇಗೆ ಸತ್ತ ಎಂದು ಎಲ್ಲರೂ ಕೇಳಿದ್ದಾರೆ, ಏನು ತಿನ್ನುತ್ತಿದ್ದ ಎಂದು ಯಾರೂ ಕೇಳಿರಲಿಲ್ಲ ಎಂದಳು. ಬೇಯಿಸಿದ ಮುಸುಕಿನ ಜೋಳಕ್ಕೆ ಬೆಣ್ಣೆ ಸವರಿ ಕೊಟ್ಟರೆ ಲೆಕ್ಕವಿಲ್ಲದೆ ತಿನ್ನುತ್ತಿದ್ದನಂತೆ. "ಅಯ್ಯೋ, ನಮ್ ಐಕ್ಳಂಗೇ!" ಎಂದು ಅತ್ತೆಯೂ ಪಕ್ಕದಲ್ಲೇ ಕೂತುಬಿಟ್ಟರು. ಎಲೆಯಿಂದ ಒಂದು ವಡೆ ತೆಗೆದು ಕೊಟ್ಟರು. ಅವಳು ಕೈಗವಸು ಕಳಚಿ ಎರಡೂ ಕೈಯಲ್ಲಿ ಇಸಿದುಕೊಂಡು ತಿಂದಳು. ಸುತ್ತ ನಿಂತ ದೊರೆಗಳು ಕಣ್ಣು ಕಣ್ಣು ಬಿಡುತ್ತಿದ್ದರು. ಅವಳನ್ನು ನಾನು ಮೆಚ್ಚಿಕೊಂಡದ್ದು ಆಗಲೇ.

ಅಂದು ಅವಳು ತನ್ನ ಊರಿನ ವಿಷಯ ಹೇಳಿದಳು. ಅಲ್ಲಿ ಪೇಟೆಯ ಮಧ್ಯೆಯೇ ಕಲ್ಲಿದೆ, ಅವಳ ಮಗನ ಹೆಸರೂ ಅದರ ಮೇಲಿದೆ. ಈ ದಿನ ಅಂಗಡಿಯವರು, ಶಾಲೆಯ ಮಕ್ಕಳು, ಹೊಲದವರು ಎಲ್ಲರೂ ಚಳಿಯಲ್ಲಿ ಬಂದು ನಿಲ್ಲುತ್ತಾರಂತೆ. ನಾನು ಒಂದೊಂದೇ ಮಾತನ್ನು ಅತ್ತೆಗೆ ಮುಟ್ಟಿಸಿದೆ. ಅತ್ತೆ ಯೋಚಿಸಿ ಕೇಳಿದರು: "ಅವ್ರ ಊರ್ ಮ್ಯಾಲೆ ಯಾರಾನಾ ದಂಡೆತ್ತಿ ಬಂದಿದ್ರಾ?" ಇಲ್ಲವೆಂದಳು. ದೂರದ ಯಾರದೋ ಊರು ಉಳಿಯಲಿ ಎಂದು ಸಮುದ್ರ ದಾಟಿ ಹೋದ ಹುಡುಗರು ಅವರು. ಸಂಬಳವೂ ಇತ್ತು. ಆದರೂ ಪಾಪ, ಯಾರದೋ ನೆಲಕ್ಕೆ ಸತ್ತ ಎಂದು ಅಲ್ಲಿ ಯಾರೂ ಅನ್ನುವುದಿಲ್ಲ. ನಮ್ಮ ಹುಡುಗ ಎನ್ನುತ್ತಾರೆ.

ಬಿಳಿಯರ ಕಲ್ಲಿಗೆ ಎಡೆ ಇಟ್ಟ ಸುದ್ದಿ ನಮಗಿಂತ ಮೊದಲೇ ಊರು ತಲುಪಿತ್ತು. ಪಟೇಲರು ಅತ್ತೆಯನ್ನು ಅರಳಿಕಟ್ಟೆಗೆ ಕರೆಸಿದರು, ನಾನೂ ಹಿಂದೆಯೇ ಹೋದೆ. "ಏನಮ್ಮಾ ಇದು, ಊರ ಮಾನ ತೆಗೆಯೋ ಕೆಲಸ? ನಮ್ಮೂರ ಮಗನಿಗೆ ಕಂಡೋರ ಬಾಗ್ಲಾಗೆ ಇಕ್ಕಿ ಬಂದ್ಯಾ?"

ಅತ್ತೆ ಕಿರುಚಲಿಲ್ಲ. ಮೆತ್ತಗೆ ಹೇಳಿದರು: "ನಮ್ಮೂರ ಮಗ ಅಂತ ಈಗಂದ್ರಿ ನೋಡಿ ಸ್ವಾಮಿ. ಇಷ್ಟು ವರ್ಸ ಇದನ್ನೇ ಅನ್ಲಿ ಅಂತ ಕಾದಿದ್ದೆ. ಆವಮ್ಮನ ಮಗನೂ ಅವ್ರ ಕೆರೆಗೆ ಸಾಯ್ಲಿಲ್ಲ, ಅವ್ರ ದನಕ್ಕೆ ಸಾಯ್ಲಿಲ್ಲ. ಅವ್ರೂರೆಲ್ಲ ಬಂದು ನಿಂತ್ಕಂತದಂತೆ. ನನ್ ಮಗ ಇಲ್ಲಿ ಯಾರ ಬಾಗ್ಲಿಗೆ ಬರ್ಬೇಕು, ನೀವೇ ಯೋಳಿ."

ಪಟೇಲರು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು. ಅವರು ಕೆಟ್ಟ ಮನುಷ್ಯರಲ್ಲ, ಹಠದವರು ಅಷ್ಟೆ. ಊರಿನ ಹುಡುಗ ಬೇರೆಯವರ ಅಂಗಳದಲ್ಲಿ ಉಂಡು ಹೋದ ಎಂಬುದು ಅವರನ್ನು ಚುಚ್ಚಿತ್ತು. ಬೇಸಿಗೆ ಬರುವ ಹೊತ್ತಿಗೆ ಕಲ್ಲು ಕಡಿಯುವ ಒಡ್ಡರವರಿಗೆ ಹೇಳಿ ಕಲ್ಲು ತರಿಸಿ ಸಾಲಿನ ಕೊನೆಯಲ್ಲಿ ನಿಲ್ಲಿಸಿದರು. ಅತ್ತೆ ಆ ವರ್ಷ ಇಡೀ ಊರಿಗೆ ಬೈಯುವುದನ್ನೇ ಮರೆತಿದ್ದರು.

ಅದೇ ಬೇಸಿಗೆಯಲ್ಲಿ ದೊರೆಸಾನಿ ಗಂಡನೊಂದಿಗೆ ತನ್ನ ದೇಶಕ್ಕೆ ಹೊರಟುಹೋದಳು.

ಮಾರ್ನಮಿಯ ದಿನ ಕೆರೆ ಏರಿಯ ಮೇಲೆ ಊರೆಲ್ಲ ಸೇರಿತ್ತು. ಹೊಸ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಹೂವು ಇಟ್ಟಿದ್ದರು. ಅತ್ತೆ ಮಗನ ಎಲೆಗೆ ಬಡಿಸಿದರು. ಆಮೇಲೆ ಸೆರಗಿನೊಳಗಿಂದ ಇನ್ನೊಂದು ಎಲೆ ತೆಗೆದು ಪಕ್ಕದಲ್ಲಿ ಹಾಸಿ, ಬೆಣ್ಣೆ ಸವರಿದ ಮುಸುಕಿನ ಜೋಳ ಇಟ್ಟರು. ನನಗೂ ಹೇಳಿರಲಿಲ್ಲ. ಜನ ಗುಸುಗುಸು ಎಂದಿತು. ಪಟೇಲರ ಮುಖ ಗಂಟಿಕ್ಕಿತು. "ಇದ್ಯಾರಿಗಮ್ಮ?"

"ಕೆನಡಾದ ಹುಡುಗಂಗೆ."

"ಆಗಾಕಿಲ್ಲ. ನಿನ್ ಮಗಂಗೆ ಒಪ್ಕೊಂಡಿದ್ದೇ ಎಚ್ಚಾಯ್ತು. ಕಂಡ್ ಕಂಡೋರಿಗೆಲ್ಲ ಇಲ್ಲಿ ಎಡೆ ಇಲ್ಲ. ತೆಗಿ ಅದನ್ನ."

ಅಷ್ಟು ವರ್ಷ ಬೇಡಿ, ಅತ್ತು, ಕಾದು ಪಡೆದ ಕಲ್ಲು ಅದು. ತೆಗೆದುಬಿಡಿ ಅತ್ತೆ ಎಂದು ನಾನು ಅವರ ಕಿವಿಯಲ್ಲಿ ಹೇಳಿದೆ. ಅತ್ತೆ ಆ ಕಲ್ಲನ್ನು ಒಮ್ಮೆ ಸವರಿ ಎದ್ದು ನಿಂತರು. "ಆವಮ್ಮ ಅವ್ರೂರಾಗೆ ಅವ್ಳೆ. ಮಗ ಇಟ್ಲಿಯಾಗೆ ಒಬ್ನೇ ಅವ್ನೆ. ನನ್ ಮಗಂಗೆ ಯಾರೂ ಇಲ್ದಾಗ ಅವ್ಳು ನನ್ ಪಕ್ಕ ನಿಂತ್ಲು. ಅವ್ನಿಗಿಲ್ದಿದ್ರೆ ನನ್ ಮಗಂಗೂ ಬ್ಯಾಡ ಸ್ವಾಮಿ. ಕಲ್ಲು ಕೀಳ್ಸಿ."

ಪಟೇಲರು ಜೋಳವನ್ನು ನೋಡಿದರು, ಕಲ್ಲನ್ನು ನೋಡಿದರು. ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡರು. ಪ್ರತಿವರ್ಷ ತಾವೇ ಬಿಡುತ್ತಿದ್ದ ಹಾಲಿನ ಚೊಂಬನ್ನು ಅತ್ತೆಯ ಕೈಗಿತ್ತು, "ಇಬ್ರಿಗೂ ನೀನೇ ಬಿಡು ತಾಯಿ" ಎಂದರು.