ಲಕ್ಷ್ಮಿಯ ಮುಂದಿಟ್ಟ ಹನ್ನೆರಡು ಪದಗಳು

ಬೇಲೂರಿನ ತವರುಮನೆ ಮಾರಿದಾಗ ನನ್ನ ಪಾಲಿಗೆ ಬಂದ ಹಣವನ್ನು ನಮ್ಮ ಯಜಮಾನರು ಬ್ಯಾಂಕಿನಲ್ಲಿಡಲು ಬಿಡಲಿಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯವರ ಬಾಯಲ್ಲೆಲ್ಲ ಆಗ ಕ್ರಿಪ್ಟೊ. "ಬ್ಯಾಂಕಿನ ಬಡ್ಡೀಲಿ ಯಾರು ಉದ್ಧಾರ ಆಗಿದಾರೆ ಹೇಳೇ?" ಎಂದು ಅಷ್ಟನ್ನೂ ತಮ್ಮ ಮೊಬೈಲಿನ ವ್ಯಾಲೆಟ್ಟಿಗೆ ಹಾಕಿಕೊಂಡರು.

ವ್ಯಾಲೆಟ್ಟು ಹನ್ನೆರಡು ಇಂಗ್ಲಿಷ್ ಪದ ಕೊಟ್ಟಿತು. ಮೊಬೈಲ್ ಕೆಟ್ಟರೆ ಆ ಪದಗಳನ್ನು ಅದೇ ಕ್ರಮದಲ್ಲಿ ಹಾಕಬೇಕು, ಹಣ ಮತ್ತೆ ಸಿಗುತ್ತದೆ. ಬೇರೆಯವರಿಗೆ ಪದಗಳು ಸಿಕ್ಕರೆ ಹಣ ಅವರದು. ಹೋಗಿ ಕೇಳೋಣವೆಂದರೆ ಮ್ಯಾನೇಜರೂ ಇಲ್ಲ, ಕೌಂಟರೂ ಇಲ್ಲ.

"ನೀನೇ ಬರಿ. ಕಾನ್ವೆಂಟ್ ಅಕ್ಷರ, ಮುತ್ತು ಪೋಣಿಸಿದಂಗಿರುತ್ತೆ" ಎಂದರು. ಮದುವೆಯಾದ ಮೇಲೆ ನನ್ನ ಓದನ್ನು ಅವರು ಹೊಗಳಿದ್ದು ಅದೇ ಮೊದಲು. ಅಂಬ್ರೆಲಾ, ಆರ್ಫನ್, ವಿಂಟರ್... ಶಾಲೆಯಲ್ಲಿ ಸಿಸ್ಟರ್ ಡಿಕ್ಟೇಷನ್ ಕೊಟ್ಟಂತೆ ಅವರು ಓದಿದರು, ನಾನು ಬಿಳಿ ರಟ್ಟಿನ ಮೇಲೆ ಬರೆದೆ.

"ಇನ್ನೊಂದು ಪ್ರತಿ ಹಳೇಬೀಡಲ್ಲಿ ನಮ್ಮಕ್ಕನ ಬೀರುವಿನಲ್ಲಿ ಇರಲಿ ರೀ."

"ನಿಮ್ಮಕ್ಕನಿಗೆ ಹೇಳೋದೂ ಒಂದೇ, ಬಸ್ ಸ್ಟ್ಯಾಂಡ್ ಮೈಕಲ್ಲಿ ಕೂಗ್ಸೋದೂ ಒಂದೇ."

ಶಾಯಿ ಆರುವ ಮೊದಲೇ ರಟ್ಟು ನಮ್ಮ ಮಂಡಿಯ ತಿಜೋರಿ ಸೇರಿತು, ಬೀಗದ ಕೈ ಅವರ ಉಡಿದಾರ ಸೇರಿತು.

ದೀಪಾವಳಿಯ ಲಕ್ಷ್ಮೀಪೂಜೆಗೆ ತಿಜೋರಿಯಲ್ಲಿರುವುದನ್ನೆಲ್ಲ ದೇವಿಯ ಮುಂದೆ ಇಡುವುದು ನಮ್ಮ ಮಂಡಿಯ ರೂಢಿ. ಈ ಸಲ ನೋಟಿನ ಕಂತೆ, ಬಂಗಾರದ ಜೊತೆ ಆ ರಟ್ಟೂ ಬಂತು. ಅದರ ನಾಲ್ಕು ಮೂಲೆಗೆ ಅವರೇ ಅರಿಶಿನ ಹಚ್ಚಿ, ಕಳಶಕ್ಕೆ ಒರಗಿಸಿ ನಿಲ್ಲಿಸಿದರು.

"ಮಗುಚಿ ಇಡ್ರೀ, ಜನ ಬರ್ತಾರೆ" ಎಂದೆ ಮೆಲ್ಲಗೆ.

"ಲಕ್ಷ್ಮೀನ ಯಾರಾದ್ರೂ ಬೋರಲು ಮಲಗಿಸ್ತಾರೇನೇ?"

ಪಕ್ಕದ ಮಂಡಿಯವರು ಹೊಟ್ಟೆ ಕುಣಿಸಿ ನಕ್ಕರು. ಮಂಗಳಾರತಿ ಮುಗಿದ ಮೇಲೆ ಯಜಮಾನರು ಫೋಟೊ ತೆಗೆದು ತಮ್ಮ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಹಾಕಿದರು. ಅಷ್ಟೊಂದು ಚೆಂಡುಹೂವಿನಲ್ಲಿ ಒಂದು ಎಸಳಾದರೂ ನನ್ನ ಅಕ್ಷರದ ಮೇಲೆ ಬಿದ್ದಿರಲಿಲ್ಲ.

ಮಾರನೆಯ ಬೆಳಿಗ್ಗೆ ವ್ಯಾಲೆಟ್ಟು ಖಾಲಿ. ಆ ಫೋಟೊ ನೋಡಿದವರಲ್ಲಿ ಯಾರ ಕೈಕೆಲಸವೋ, ಇವತ್ತಿಗೂ ಗೊತ್ತಾಗಿಲ್ಲ.

ದೂರು ಕೊಡಲು ಪೊಲೀಸ್ ಠಾಣೆಗೆ ಇಬ್ಬರೂ ಹೋದೆವು.

"ದುಡ್ಡು ಯಾರದು?" ಎಂದು ಕೇಳಿದರು ಪೊಲೀಸಿನವರು.

"ನಂದೇ ಸಾರ್" ಎಂದರು ಯಜಮಾನರು. ನಾನು ಅವರತ್ತ ನೋಡಿದೆ. ಅವರು ಮೇಜಿನ ಗಾಜಿನ ಮೇಲಿದ್ದ ಟೀ ಲೋಟದ ಕಲೆ ನೋಡುತ್ತಿದ್ದರು.

"ಈ ಪದ ಬರೆದಿದ್ದು?"

"ಇವಳು. ಇಷ್ಟು ದುಂಡಗೆ ಬರೆದ್ರೆ ಎಂಥವನಾದ್ರೂ ಓದ್ತಾನೆ, ಅಲ್ವಾ ಸಾರ್?"

"ದುಡ್ಡು ನನ್ನದು ಸಾರ್, ತವರಿಂದು" ಎಂದೆ. ನನ್ನ ದನಿ ನನಗೇ ಸಣ್ಣದೆನಿಸಿತು.

"ಗಂಡ ಹೆಂಡ್ತೀಲಿ ನಂದು ನಿಂದು ಅಂತ ಇರುತ್ತೇನಮ್ಮಾ?" ಎನ್ನುತ್ತ ಅವರು ಟೈಪ್ ಮಾಡುವುದನ್ನು ಮುಂದುವರಿಸಿದರು.

ಹೊರಗೆ ಬಂದು ದೂರಿನ ಪ್ರತಿ ಓದಿದೆ. ಹಣ ಕಳೆದುಕೊಂಡವರ ಜಾಗದಲ್ಲಿ ಯಜಮಾನರ ಹೆಸರು, ಅವರ ತಂದೆಯ ಹೆಸರು, ಮಂಡಿಯ ವಿಳಾಸ ಎಲ್ಲವೂ ಇದ್ದವು. ನಾನಿದ್ದದ್ದು ಒಂದೇ ಸಾಲಿನಲ್ಲಿ: "ಸದರಿ ಪದಗಳನ್ನು ಬರೆದವರು, ದೂರುದಾರರ ಹೆಂಡತಿ."